ನಕ್ಷತ್ರ ಸಾಮ್ರಾಜ್ಯದ ಕಾದಂಬರಿಗೆ ಗಂಗರ ಇತಿಹಾಸದಿಂದ ಏನನ್ನು ಪಡೆಯಬೇಕು?

ಪ್ರಶ್ನೆ: ನಾನು ಗೌರಿಬಿದನೂರಿನಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಹಲವು ನಕ್ಷತ್ರಗಳ ಗ್ರಹಗಳನ್ನು ಆಳುವ ಸಾಮ್ರಾಜ್ಯವೊಂದರ ಕಾದಂಬರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ದಂಗೆಯೆದ್ದ ಸಾಮಂತ ಗ್ರಹವನ್ನು ಒಲಿಸಿಕೊಳ್ಳಲು ಚಕ್ರವರ್ತಿಯು ತನ್ನ ಮಗಳನ್ನು ಅಲ್ಲಿನ ಅರಸುಮನೆಗೆ ಕೊಡುತ್ತಾನೆ. ದಾರಿಯಲ್ಲಿ ಅವಳು ನೌಕೆಯ ನಾಯಕನನ್ನು ಪ್ರೀತಿಸುತ್ತಾಳೆ. ರಾಷ್ಟ್ರಕೂಟರನ್ನೂ ಗಂಗರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆದರೆ ಓದಿದ ಗೆಳತಿಯರು ‘ಕುದುರೆ ಇದ್ದ ಜಾಗದಲ್ಲಿ ರಾಕೆಟ್ ಬಂದಿದೆ, ಅಷ್ಟೇ’ ಎನ್ನುತ್ತಾರೆ. ಇತಿಹಾಸದಿಂದ ಏನನ್ನು ತೆಗೆದುಕೊಳ್ಳಬೇಕು? ಪ್ರೇಮಕಥೆಯನ್ನು ಉಳಿಸಿಕೊಳ್ಳಬಹುದೆ? ಹೆಸರು, ಬಿರುದುಗಳನ್ನು ಹೇಗೆ ಇಡಬೇಕು?

ಉತ್ತರ: ನಿಮ್ಮ ಗೆಳತಿಯರ ದೂರು ನಿಜವಿರಬೇಕು, ಆದರೆ ಅದಕ್ಕೆ ಕಾರಣ ರಾಕೆಟ್ಟೂ ಅಲ್ಲ, ಕುದುರೆಯೂ ಅಲ್ಲ. ನೀವು ಕಳುಹಿಸಿರುವ ಕಥಾಸಾರದಲ್ಲಿ ಸಿಂಹಾಸನ, ಸಭಾಮಂಟಪ, ಬಿರುದಾವಳಿ, ದಂಡನಾಯಕರು, ಅಂತಃಪುರ ಎಲ್ಲವೂ ಇವೆ. ಇವೆಲ್ಲ ಯಾವ ಒಂದು ಕಾರಣಕ್ಕಾಗಿ ಹುಟ್ಟಿಕೊಂಡವೋ ಆ ಕಾರಣ ಮಾತ್ರ ಇಲ್ಲ. ಆ ಕಾರಣವೇ ದೂರ. ರಾಜಧಾನಿಯಲ್ಲಿ ಹೊರಟ ಒಂದು ಆಜ್ಞೆ ಸಾಮಂತನ ಊರನ್ನು ಮುಟ್ಟಲು ಎಷ್ಟು ಕಾಲ ಬೇಕು ಎಂಬುದನ್ನು ನೀವು ಎಲ್ಲಿಯೂ ನಿರ್ಧರಿಸಿಲ್ಲ. ಒಂದು ಕಡೆ ಚಕ್ರವರ್ತಿ ಪರದೆಯ ಮೇಲೆ ಸಾಮಂತನನ್ನು ಆಗಿಂದಾಗಲೇ ಗದರಿಸುತ್ತಾನೆ. ಇನ್ನೊಂದು ಕಡೆ ಅದೇ ಸಾಮಂತ ಮೂರು ವರ್ಷ ಯಾರಿಗೂ ತಿಳಿಯದಂತೆ ಸೇನೆ ಕಟ್ಟುತ್ತಾನೆ. ಎರಡರಲ್ಲಿ ಒಂದು ಮಾತ್ರ ಸಾಧ್ಯ. ಆಜ್ಞೆಯ ಪ್ರಯಾಣಕಾಲವನ್ನು ಮೊದಲು ಗೊತ್ತುಮಾಡಿಕೊಂಡರೆ ಸಾಮಂತ ಪದ್ಧತಿ, ಮದುವೆ, ದ್ರೋಹ, ಕೊನೆಗೆ ಪ್ರೇಮ ಕೂಡ ಅದರಿಂದಲೇ ಹೊರಡುತ್ತವೆ.

ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಗಂಗರ ತಲಕಾಡಿಗೆ ನೇರ ಗೆರೆ ಎಳೆದರೂ ಸುಮಾರು 550 ಕಿಲೋಮೀಟರ್ ಆಗುತ್ತದೆ. ಆನೆ, ಕಾಲಾಳು, ದವಸದ ಎತ್ತುಗಳೊಂದಿಗೆ ಸಾಗುವ ದಂಡು ದಿನಕ್ಕೆ 15 ಕಿಲೋಮೀಟರ್ ನಡೆದರೂ ಒಂದು ತಿಂಗಳಿಗಿಂತ ಹೆಚ್ಚು ಬೇಕು; ಮಳೆಗಾಲದಲ್ಲಿ ತುಂಗಭದ್ರೆಯನ್ನು ದಾಟುವ ಮಾತು ಬೇರೆಯೇ. ಹೀಗಿರುವಾಗ ಮಾನ್ಯಖೇಟದ ದೊರೆ ಗಂಗವಾಡಿ ತೊಂಬತ್ತಾರು ಸಾಸಿರವನ್ನು, ಅಂದರೆ ಗಂಗರ ನಾಡನ್ನು, ತಾನೇ ಆಳುತ್ತೇನೆ ಎನ್ನುವಂತಿರಲಿಲ್ಲ. ಆ ನೆಲವನ್ನು ಬಲ್ಲ ಮನೆತನವೊಂದಕ್ಕೆ ಬಿಟ್ಟುಕೊಡಬೇಕು, ಕಪ್ಪವನ್ನೂ ಯುದ್ಧಕಾಲದ ಸೇನೆಯನ್ನೂ ಕೇಳಬೇಕು, ಆ ಮನೆತನ ತಿರುಗಿ ಬೀಳದಂತೆ ಏನಾದರೊಂದು ಹಿಡಿತವನ್ನು ಇಟ್ಟುಕೊಳ್ಳಬೇಕು. ಸಾಮಂತ ಎಂಬುವನು ದೂರದ ಕೂಸು. ಪ್ರಾಚೀನ ಪರ್ಷಿಯದ ಅರಸರು ಇದೇ ಸಮಸ್ಯೆಯನ್ನು ರಸ್ತೆಯಿಂದ ಬಗೆಹರಿಸಲು ನೋಡಿದರು: ಸಾರ್ಡಿಸ್‌ನಿಂದ ಸೂಸಾಗೆ ಸುಮಾರು 2,500 ಕಿಲೋಮೀಟರ್ ರಾಜಮಾರ್ಗ, ನಡೆದು ಹೋಗುವವನಿಗೆ 90 ದಿನ, ಕುದುರೆ ಬದಲಿಸುತ್ತ ಓಡುವ ರಾಜದೂತರಿಗೆ ಒಂದು ವಾರಕ್ಕಿಂತ ಸ್ವಲ್ಪ ಹೆಚ್ಚು. ಸಾಮಾನ್ಯನ ಸುದ್ದಿಗಿಂತ ಅರಸನ ಸುದ್ದಿ ಹತ್ತು ಪಟ್ಟು ಬೇಗ ಓಡಿದ್ದರಿಂದಲೇ ಅಷ್ಟು ದೊಡ್ಡ ರಾಜ್ಯ ಎರಡು ಶತಮಾನ ನಿಂತಿತು.

ನಿಮ್ಮ ಕಥೆಯ ನಡುವಿನ ಘಟನೆ, ಅಂದರೆ ದಂಗೆಯ ನಂತರದ ಮದುವೆ, ನಮ್ಮ ಇತಿಹಾಸದಲ್ಲಿ ನೀವು ಬರೆದುದಕ್ಕಿಂತ ಸ್ವಾರಸ್ಯವಾಗಿದೆ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೂ ಗಂಗರಿಗೂ ದೀರ್ಘಕಾಲ ಯುದ್ಧ ನಡೆಯಿತು. ಕೊಣ್ಣೂರಿನ ಶಾಸನ ಹೇಳುವಂತೆ, ಅವನ ದಂಡನಾಯಕ ಬಂಕೇಶ ಕೇದಾಳದ ಕೋಟೆಯನ್ನು ಹಿಡಿದು ತಲವನಪುರದ, ಅಂದರೆ ತಲಕಾಡಿನ, ಒಡೆಯನನ್ನು ಓಡಿಸಿದ. ಈ ಕೇದಾಳವನ್ನು ತುಮಕೂರಿನ ಪಕ್ಕದ ಕೈದಾಳವೆಂದು ಗುರುತಿಸುತ್ತಾರೆ. ಗೆಲುವು ಕೈಗೆ ಬರುತ್ತಿರುವಾಗಲೇ ರಾಜಧಾನಿಯಲ್ಲಿ ರಾಜಕುಮಾರನೂ ಸೇರಿದ್ದ ಒಳಸಂಚು ತಲೆಯೆತ್ತಿ, ದೊರೆ ಬಂಕೇಶನನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಗಂಗವಾಡಿ ಪೂರ್ತಿ ಕೈವಶವಾಗಲಿಲ್ಲ. ಮುಂದೆ ಅಮೋಘವರ್ಷ ತನ್ನ ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಸಂಬಂಧ ಬೆಳೆಸಿದ. ಇನ್ನೊಬ್ಬ ಮಗಳು ಶಂಖಾ ಪಲ್ಲವರ ಮನೆ ಸೇರಿದಳು. ಸೋತವನು ಮಗಳನ್ನು ಒಪ್ಪಿಸುವುದು ಸಿನಿಮಾದ ರೂಢಿ. ಇಲ್ಲಿ ಹೆಣ್ಣು ಕೊಟ್ಟವನು ದೊಡ್ಡ ದೊರೆ, ಅದೂ ತನ್ನ ದಂಡು ಏಕಕಾಲದಲ್ಲಿ ಎರಡು ಕಡೆ ಇರಲಾರದು ಎಂಬುದನ್ನು ಅನುಭವಿಸಿ ತಿಳಿದ ಮೇಲೆ. ನಿಮ್ಮ ಚಕ್ರವರ್ತಿ ‘ಶಾಂತಿಯ ಮೇಲಿನ ಪ್ರೀತಿಯಿಂದ’ ಮಗಳನ್ನು ಕೊಡುತ್ತಾನೆ ಎಂದು ಬರೆದಿದ್ದೀರಿ. ಅದನ್ನು ಓದುಗರು ನಂಬುವುದಿಲ್ಲ. ಬಂಕೇಶನನ್ನು ವಾಪಸು ಕರೆಸಿದ ಆ ಗಳಿಗೆಯನ್ನು ಬರೆದರೆ ನಂಬುತ್ತಾರೆ.

ಈಗ ಇದನ್ನು ಆಕಾಶಕ್ಕೆ ಒಯ್ಯೋಣ. ನೀವು ವಿಜ್ಞಾನ ಶಿಕ್ಷಕಿಯಾದ್ದರಿಂದ ಈ ಭಾಗದಲ್ಲಿ ನನಗಿಂತ ಹೆಚ್ಚು ಬಲ್ಲಿರಿ. ಆದರೂ ಲೆಕ್ಕವನ್ನು ಕಾದಂಬರಿಯ ಕಣ್ಣಿನಿಂದ ಮತ್ತೊಮ್ಮೆ ನೋಡುವುದು ಒಳ್ಳೆಯದು. ಸೂರ್ಯನಿಂದ ನಿಮ್ಮೂರಿನ ರೇಡಿಯೊ ದೂರದರ್ಶಕಕ್ಕೆ ಅಲೆಗಳು ಬರಲು ಸುಮಾರು 8 ನಿಮಿಷ ಬೇಕು. ಮಂಗಳದಿಂದ ಭೂಮಿಗೆ 3ರಿಂದ 22 ನಿಮಿಷ, ನೆಪ್ಚೂನ್‌ನಿಂದ ಸುಮಾರು 4 ಗಂಟೆ, ಅತ್ಯಂತ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾದಿಂದ ನಾಲ್ಕು ವರ್ಷಕ್ಕಿಂತ ಹೆಚ್ಚು. ಒಂದೇ ಸೌರಮಂಡಲದೊಳಗಿನ ಸಾಮ್ರಾಜ್ಯದಲ್ಲಿ ಆಜ್ಞೆ ಗಂಟೆಗಳಲ್ಲಿ ಮುಟ್ಟುವುದರಿಂದ ಅಲ್ಲಿ ಬೇಕಾದವರು ಅಧಿಕಾರಿಗಳೇ ಹೊರತು ಸಾಮಂತರಲ್ಲ. ನಕ್ಷತ್ರಗಳ ನಡುವೆ ಮಾತ್ರ ರಾಜತ್ವಕ್ಕೆ ನಿಜವಾದ ಅವಕಾಶವಿದೆ.

ಬೆಳಕಿಗಿಂತ ವೇಗವಾಗಿ ಹೋಗುವ ಯಂತ್ರವನ್ನು ಕಲ್ಪಿಸಿಕೊಂಡರೆ ತಪ್ಪೇ ಎಂದು ನೀವು ಕೇಳಬಹುದು. ತಪ್ಪಲ್ಲ, ಈ ಬಗೆಯ ಕಥನಪ್ರಕಾರವೇ ಅದರ ಮೇಲೆ ನಿಂತಿದೆ. ಆದರೆ ಹಾಗೆ ಹೋಗಬಲ್ಲದ್ದು ನೌಕೆ ಮಾತ್ರ, ರೇಡಿಯೊ ಸಂದೇಶವಲ್ಲ ಎಂದು ನಿಯಮ ಮಾಡಿಕೊಳ್ಳಿ. ಆಗ ಸುದ್ದಿಯನ್ನು ಯಾರಾದರೂ ಹೊತ್ತೇ ತರಬೇಕಾಗುತ್ತದೆ. ಹೊತ್ತು ತರುವವನು ತಡಮಾಡಬಹುದು, ಮಾರಿಕೊಳ್ಳಬಹುದು, ತಿರುಚಬಹುದು. ಮಾತೂ ನೌಕೆಯೂ ಎರಡೂ ಕ್ಷಣದಲ್ಲಿ ಮುಟ್ಟುವ ಜಗತ್ತಿನಲ್ಲಿ ಸಾಮಂತನೂ ಬೇಡ, ರಾಜಕುಮಾರಿಯ ಮದುವೆಯೂ ಬೇಡ. ನನ್ನ ಮನಸ್ಸು ಮಾತ್ರ ಇನ್ನೊಂದು ದಾರಿಯ ಕಡೆಗಿದೆ: ಬೆಳಕಿನ ಮಿತಿಯನ್ನು ಹಾಗೆಯೇ ಉಳಿಸಿಕೊಂಡು ಬರೆಯಿರಿ. ಅದು ಕಷ್ಟ, ಆದರೆ ನಿಮ್ಮ ಕಥೆಗೆ ಅದು ಕೊಡುವುದನ್ನು ಇನ್ನಾವುದೂ ಕೊಡಲಾರದು.

ಸಾಮಂತ ಗ್ರಹ ರಾಜಧಾನಿಯಿಂದ 8.6 ಜ್ಯೋತಿರ್ವರ್ಷ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ನಮಗೂ ಲುಬ್ಧಕ (ಸಿರಿಯಸ್) ನಕ್ಷತ್ರಕ್ಕೂ ಇರುವ ಅಂತರ ಅದು. ನೌಕೆ ಬೆಳಕಿನ ವೇಗದ ನೂರಕ್ಕೆ 99ರಷ್ಟು ವೇಗದಲ್ಲಿ ಹೋಗಲಿ. ವೇಗ ಪಡೆಯುವ, ಇಳಿಸುವ ಕಾಲವನ್ನು ಸದ್ಯ ಬಿಡೋಣ. ಗ್ರಹಗಳ ಪಂಚಾಂಗದಲ್ಲಿ ಪಯಣಕ್ಕೆ ಸುಮಾರು 8.7 ವರ್ಷ ಹಿಡಿದರೆ, ಅಷ್ಟು ವೇಗದಲ್ಲಿ ಕಾಲವೇ ನಿಧಾನವಾಗುವುದರಿಂದ ನೌಕೆಯೊಳಗಿನವರಿಗೆ ಕಳೆಯುವುದು 15 ತಿಂಗಳಿಗಿಂತ ತುಸು ಕಡಿಮೆ. ಈಗ ಮದುವೆಯ ಮಾತುಕತೆಯನ್ನು ನೋಡಿ. ‘ನಮ್ಮ ಮನೆಗೆ ಹೆಣ್ಣು ಕೊಡಿ’ ಎಂದು ಸಾಮಂತ ಇಂದು ಸಂದೇಶ ಕಳುಹಿಸಿದರೆ ಅದು ಚಕ್ರವರ್ತಿಗೆ ಮುಟ್ಟುವುದು 8.6 ವರ್ಷದ ಮೇಲೆ. ಅವನು ಅಂದೇ ಒಪ್ಪಿ ಮಗಳನ್ನು ಕಳುಹಿಸಿದರೂ ಅವಳು ಬಂದಿಳಿಯುವಾಗ ಕೇಳಿದವನಿಗೆ 17 ವರ್ಷ ಹೆಚ್ಚಾಗಿರುತ್ತದೆ. ಆದ್ದರಿಂದ ಬುದ್ಧಿವಂತ ಸಾಮಂತ ಹೆಣ್ಣು ಕೇಳುವುದು ತೊಟ್ಟಿಲಲ್ಲಿರುವ ಮಗನಿಗೆ. ಬುದ್ಧಿವಂತ ಚಕ್ರವರ್ತಿ ಒಪ್ಪಿಗೆಯಲ್ಲಿ ಮಗಳ ಹೆಸರು ಹೇಳುವುದಿಲ್ಲ, ‘ನಮ್ಮ ವಂಶದ ಒಬ್ಬಳು’ ಎಂದಷ್ಟೇ ಹೇಳುತ್ತಾನೆ. ಇನ್ನೂ ಒಂದು ಚೆಲುವಾದ ಲೆಕ್ಕವಿದೆ. ‘ಕಳುಹಿಸಿದ್ದೇವೆ’ ಎಂಬ ಸಂದೇಶ ಬೆಳಕಿನ ವೇಗದಲ್ಲಿ ಹೋಗುತ್ತದೆ, ಮದುಮಗಳು ಅದಕ್ಕಿಂತ ನೂರರಲ್ಲಿ ಒಂದು ಪಾಲು ನಿಧಾನವಾಗಿ ಬರುತ್ತಾಳೆ. ಹೀಗಾಗಿ ಸುದ್ದಿ ಮುಟ್ಟಿದ ಸುಮಾರು 32 ದಿನಗಳಲ್ಲಿ ಅವಳೇ ಬಾಗಿಲಲ್ಲಿರುತ್ತಾಳೆ. ಹದಿನೇಳು ವರ್ಷ ಉತ್ತರಕ್ಕಾಗಿ ಕಾದ ಮನೆಗೆ ಸಿದ್ಧತೆಗೆ ಸಿಗುವುದು ಒಂದು ತಿಂಗಳು. ಅಷ್ಟರಲ್ಲಿ ಆ ಮನೆಯಲ್ಲಿ ಆಳುತ್ತಿರುವವನು ಬೇರೊಬ್ಬನೇ ಆಗಿರಬಹುದು.

ಕಪ್ಪದ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಾಮಂತ ಗ್ರಹ ವರ್ಷವರ್ಷವೂ ಧಾನ್ಯವನ್ನೂ ಚಿನ್ನವನ್ನೂ ಹಡಗುಗಟ್ಟಲೆ ಕಳುಹಿಸುತ್ತದೆ. ಕೋಲಾರದಲ್ಲಿ ಕುಳಿತು ಚಿನ್ನವನ್ನು ಹೀನಾಯ ಮಾಡುವುದು ನನಗೆ ಕಷ್ಟವೇ, ಆದರೆ ಈ ವೇಗಕ್ಕೆ ಒಂದೇ ಒಂದು ಕಿಲೋಗ್ರಾಂ ಭಾರವನ್ನು ಮುಟ್ಟಿಸಲು, ಏನೂ ಪೋಲಾಗದಿದ್ದರೂ, ಸುಮಾರು 15,000 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಆ ಖರ್ಚಿನಲ್ಲಿ ರಾಗಿಯನ್ನಾಗಲಿ ಚಿನ್ನವನ್ನಾಗಲಿ ಯಾರೂ ಸಾಗಿಸುವುದಿಲ್ಲ. ಸಂದೇಶವಾಗಿ ಕಳುಹಿಸಲು ಬರುವ ಯಾವುದನ್ನೂ ನೌಕೆಯಲ್ಲಿ ಹಾಕುವುದಿಲ್ಲ. ಹಾಗಾದರೆ ಉಳಿಯುವುದು ಮನುಷ್ಯರು: ಒತ್ತೆಯಾಳುಗಳು, ದಂಡನಾಯಕರು, ಮದುಮಕ್ಕಳು. ಐವತ್ತು ಕಿಲೋ ತೂಕದ ರಾಜಕುಮಾರಿಯೊಬ್ಬಳನ್ನು ಕಳುಹಿಸುವುದೆಂದರೆ ಒಂದು ಗ್ರಹದ ಹಲವು ವರ್ಷಗಳ ಬೊಕ್ಕಸವನ್ನು ಸುರಿಯುವುದು. ಆ ವೆಚ್ಚವನ್ನು ಮಾಡಿದ್ದೇವೆ ಎಂಬುದೇ ಒಪ್ಪಂದದ ಮುದ್ರೆ. ಸೆಲ್ಯೂಕಸ್ ಮತ್ತು ಚಂದ್ರಗುಪ್ತ ಮೌರ್ಯರ ನಡುವೆ ಕ್ರಿ.ಪೂ. 303ರ ಸುಮಾರಿಗೆ ನಡೆದ ಒಪ್ಪಂದದಲ್ಲಿ ಮದುವೆಯ ಸಂಬಂಧದ ಜೊತೆಗೆ 500 ಆನೆಗಳು ಕೈಬದಲಾದವು ಎನ್ನುತ್ತಾರೆ. ನಿಮ್ಮ ಜಗತ್ತಿನಲ್ಲಿ ಆನೆಗಳ ಭಾಗವನ್ನು ಹೊಡೆದುಹಾಕಿ, ಮದುವೆಯನ್ನು ಮಾತ್ರ ಇಟ್ಟುಕೊಳ್ಳಿ.

ದೂರ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಈಜಿಪ್ಟಿನ ಅಮರ್ನಾದಲ್ಲಿ 1887ರಲ್ಲಿ ಸಿಕ್ಕ ಮಣ್ಣಿನ ಹಲಗೆಗಳ ಪತ್ರಗಳನ್ನು ನೆನೆಯಬೇಕು. ಕ್ರಿ.ಪೂ. 14ನೆಯ ಶತಮಾನದಲ್ಲಿ ಬ್ಯಾಬಿಲೋನಿನ ದೊರೆ ಕದಶ್ಮನ್-ಎನ್ಲಿಲ್, ಈಜಿಪ್ಟಿನ ಮೂರನೆಯ ಅಮೆನ್‌ಹೊಟೆಪ್‌ಗೆ ಕೊಟ್ಟಿದ್ದ ತನ್ನ ಸಹೋದರಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ದೂರಿಕೊಳ್ಳುತ್ತಾನೆ. ಅವನ ದೂತರಿಗೆ ಒಬ್ಬ ಹೆಂಗಸನ್ನು ತೋರಿಸಿದ್ದರು, ಆದರೆ ಅವಳೇ ಇವಳು ಎಂದು ಹೇಳುವವರು ಯಾರೂ ಇರಲಿಲ್ಲ. ಅವಳನ್ನು ಗುರುತಿಸಬಲ್ಲ ಒಬ್ಬನನ್ನಾದರೂ ನೀನು ಕಳುಹಿಸಿದ್ದೆಯಾ ಎಂದು ಈಜಿಪ್ಟಿನ ದೊರೆ ತಿರುಗಿ ಕೇಳುತ್ತಾನೆ. ಅದೇ ಈಜಿಪ್ಟಿನ ದೊರೆ ಪರರ ಹೆಣ್ಣುಮಕ್ಕಳನ್ನು ತರಿಸಿಕೊಳ್ಳುತ್ತಿದ್ದನೇ ಹೊರತು ತನ್ನ ಮಗಳನ್ನು ಯಾರಿಗೂ ಕೊಡುವುದಿಲ್ಲ ಎಂದ. ಅದಕ್ಕೆ ಬ್ಯಾಬಿಲೋನಿನವನು, ಯಾರಾದರೂ ಒಬ್ಬ ಚೆಲುವೆಯನ್ನು ನಿನ್ನ ಮಗಳೆಂದು ಹೇಳಿ ಕಳುಹಿಸು, ಅಲ್ಲವೆಂದು ಇಲ್ಲಿ ಯಾರು ಹೇಳಬಲ್ಲರು ಎಂದು ಬರೆದ. ನಿಮ್ಮ ನಾಯಕಿ ನೌಕೆಯಿಂದ ಇಳಿದಾಗ ಅವಳು ಚಕ್ರವರ್ತಿಯ ಮಗಳೇ ಎಂದು ಪ್ರಮಾಣಿಸುವವರು ಯಾರು? ರಕ್ತಪರೀಕ್ಷೆಯ ನಮೂನೆಯೂ ರಾಜಧಾನಿಯಿಂದಲೇ ಬಂದಿರಬೇಕಲ್ಲವೆ? ಈ ಒಂದು ಪ್ರಶ್ನೆಯ ಮೇಲೆ ಇಡೀ ಎರಡನೆಯ ಭಾಗವನ್ನು ನಿಲ್ಲಿಸಬಹುದು.

ಪ್ರೇಮಕಥೆಯನ್ನು ಖಂಡಿತ ಉಳಿಸಿಕೊಳ್ಳಿ. ಆದರೆ ನೌಕೆಯ ನಾಯಕನನ್ನು ಬರಿಯ ಚೆಲುವನನ್ನಾಗಿ ಮಾಡಿ ಬಿಟ್ಟಿದ್ದೀರಿ. ಇಂತಹ ಪಯಣವನ್ನು ಹತ್ತು ಬಾರಿ ಮಾಡಿದವನಿಗೆ ವಯಸ್ಸು ಹನ್ನೆರಡು ವರ್ಷ ಹೆಚ್ಚಾಗುವಷ್ಟರಲ್ಲಿ ಗ್ರಹಗಳಲ್ಲಿ 87 ವರ್ಷ ಕಳೆದಿರುತ್ತದೆ. ಅವನು ನಿಷ್ಠೆಯ ಪ್ರತಿಜ್ಞೆ ಮಾಡಿದ್ದು ಅವಳ ಮುತ್ತಜ್ಜನ ಕಾಲದಲ್ಲಿ. ಅವನ ಕನ್ನಡ ಅವಳ ಕಿವಿಗೆ ಹಳಗನ್ನಡವಾಗಿ ಕೇಳಿಸಲಿ. ಯಾವ ಆಳ್ವಿಕೆಗೂ ಸೇರದ ಅವನೂ, ಇನ್ನು ಮುಂದೆ ಯಾವ ಮನೆಗೂ ಪೂರ್ತಿ ಸೇರದ ಅವಳೂ ಹತ್ತಿರವಾಗಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಅವಳನ್ನು ಇಳಿಸಿ ಅವನು ಒಂದು ಸುತ್ತು ಹೋಗಿ ಬಂದರೆ ಅವನಿಗೆ ಎರಡೂವರೆ ವರ್ಷ, ಅವಳಿಗೆ 17 ವರ್ಷಕ್ಕೂ ಹೆಚ್ಚು. ಖಳನಾಯಕನಾಗಿ ಗಂಡನನ್ನು ಕ್ರೂರಿಯನ್ನಾಗಿ ಮಾಡುವ ಅಗತ್ಯ ಆಗ ಇರುವುದಿಲ್ಲ, ಅವನನ್ನು ಒಳ್ಳೆಯವನನ್ನಾಗಿಯೇ ಬಿಡಿ.

ಈ ನಾಯಕನಿಗೆ ಗಂಗರಿಂದ ಒಂದು ಕಠಿಣ ಆಚಾರವನ್ನು ಎರವಲು ತರಬಹುದು. ದೊಡ್ಡಹುಂಡಿಯ 9ನೆಯ ಶತಮಾನದ ಕಲ್ಲಿನಲ್ಲಿ ಗಂಗ ನೀತಿಮಾರ್ಗ ಸಾಯುವ ದೃಶ್ಯವಿದೆ. ಅವನ ಆಪ್ತ ಸೇವಕ ಅಗರಯ್ಯ ಒಡೆಯನನ್ನು ಹಿಡಿದುಕೊಂಡಿದ್ದಾನೆ, ಒಡೆಯ ಸತ್ತ ಮೇಲೆ ಅವನು ಕೀಳ್ಗುಂಟೆಯಾದ, ಅಂದರೆ ಒಡೆಯನ ಕೆಳಗೆ ತಾನೂ ಹೂಳಿಸಿಕೊಂಡ ಎಂದು ಶಾಸನ ಹೇಳುತ್ತದೆ. ನಿಮ್ಮ ನಾಯಕ ಇಂತಹ ಪ್ರತಿಜ್ಞೆಗೆ ಒಳಪಟ್ಟವನಾಗಿರಲಿ. ನೌಕೆ ಹೊರಟ ಒಂದು ವಾರಕ್ಕೆ ಚಕ್ರವರ್ತಿ ತೀರಿಕೊಂಡರೆ ಆ ಸುದ್ದಿ ಬೆಳಕಿನ ವೇಗದಲ್ಲಿ ಅಟ್ಟಿಕೊಂಡು ಬಂದು ನೌಕೆಯನ್ನು ಹಿಡಿಯಲು ರಾಜಧಾನಿಯ ಲೆಕ್ಕದಲ್ಲಿ ಸುಮಾರು 700 ದಿನ ಬೇಕು. ನೌಕೆಯ ಗಡಿಯಾರದಲ್ಲಿ ಅದು ಸುಮಾರು 99ನೆಯ ದಿನ. ಸುದ್ದಿ ತಲುಪಿದ ಆ ದಿನ ಅವನು ಸಾಯಬೇಕು, ಆದರೆ ಮದುಮಗಳನ್ನು ಮುಟ್ಟಿಸುವ ಆಜ್ಞೆಯೂ ಸತ್ತ ಒಡೆಯನದೇ. ಪ್ರೇಮ ಶುರುವಾಗಬೇಕಾದದ್ದು ಅಲ್ಲಿ ಎಂದು ನನಗೆ ತೋರುತ್ತದೆ, ನೀವು ಬರೆದಿರುವಂತೆ ಮೊದಲ ನೋಟದಲ್ಲಲ್ಲ.

ಮದುವೆಯಾದ ಮೇಲೆ ನಾಯಕಿ ಕಿಟಕಿಯ ಬಳಿ ಕುಳಿತು ಕೊರಗುವ ನಾಲ್ಕು ಅಧ್ಯಾಯಗಳನ್ನು ಕೈಬಿಡಿ. ನಿಮಗೆ ಹತ್ತಿರದ ನಂದಿಯ ಭೋಗನಂದೀಶ್ವರನ ಗುಡಿಗೇ ಹೋಗಿ ನೋಡಿ: ಅಲ್ಲಿನ ಶಿವಾಲಯವನ್ನು 9ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವಳು ಬಾಣ ವಂಶದ ರಾಣಿ ರತ್ನಾವಳಿ ಎಂದು ತಾಮ್ರಪಟದಿಂದ ತಿಳಿಯುತ್ತದೆ. ಗುಡಿ ಕಟ್ಟಿಸುವುದೆಂದರೆ ಭೂಮಿ, ಹಣ, ಕೆಲಸಗಾರರು, ದಾನದ ನಿರ್ವಹಣೆ ಎಲ್ಲವೂ ಆಕೆಯ ಮಾತಿಗೆ ಒಳಪಟ್ಟಿದ್ದವು ಎಂದರ್ಥ. ಗಂಗ ಇಮ್ಮಡಿ ಬೂತುಗ ಮದುವೆಯಾದ ರೇವಕನಿಮ್ಮಡಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಅಕ್ಕ. ಆ ನಂಟಿನ ಬಲದಿಂದಲೇ ಬೂತುಗ ಪಟ್ಟವನ್ನು ಕಸಿದುಕೊಂಡ. ಅದರ ಋಣವನ್ನು ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದು ತೀರಿಸಿದ. ಮೆಚ್ಚಿದ ಕೃಷ್ಣ ಭಾವನಿಗೆ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟ; ಈ ಅಂಕಿಗಳು ನಾಡಿನ ಹೆಸರಿನ ಭಾಗ. ಇದನ್ನು ಹೇಳುವ ಆತಕೂರಿನ ಕಲ್ಲು ನಿಜಕ್ಕೂ ನೆನಪಿಸಿಕೊಳ್ಳುವುದು ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನು. ಬೂತುಗನ ವೀರ ಮಣಲೆರ ಬಹುಮಾನವಾಗಿ ಕೇಳಿ ಪಡೆದದ್ದು ಆ ನಾಯಿಯನ್ನೇ. ಸಾಮ್ರಾಜ್ಯದ ಕಥೆಯ ನಡುವೆ ಇಂತಹ ಒಂದು ನಾಯಿ ಇದ್ದರೆ ಮಿಕ್ಕದ್ದೆಲ್ಲ ತಾನಾಗಿ ನಿಜವೆನಿಸುತ್ತದೆ. ಹಾಗೆಂದು ನಂಟು ಯಾವಾಗಲೂ ಕಾಯುತ್ತದೆ ಎಂದುಕೊಳ್ಳಬೇಡಿ. ನೊಳಂಬ ವಂಶದ ಪೊಳಲ್ಚೋರನಿಗೆ ಗಂಗರ ಜಾಯಬ್ಬೆಯನ್ನು ಕೊಟ್ಟಿದ್ದರು. ನೂರು ವರ್ಷ ಕಳೆದ ಮೇಲೆ ಗಂಗ ಮಾರಸಿಂಹ ‘ನೊಳಂಬಕುಲಾಂತಕ’ ಎಂಬ ಬಿರುದನ್ನು ಹೆಮ್ಮೆಯಿಂದ ಧರಿಸಿದ. ಅದೇ ಮಾರಸಿಂಹ, ರಾಷ್ಟ್ರಕೂಟರು ಕುಸಿದಾಗ ತನ್ನ ಸೋದರಳಿಯ ಇಂದ್ರನಿಗೆ ಪಟ್ಟ ಕಟ್ಟಲು ಕೊನೆಯವರೆಗೆ ಹೆಣಗಿದ.

ಸೆರೆ, ಬಿಡುಗಡೆಗಳ ಉಪಕಥೆ ಬೇಕಿದ್ದರೆ ಗಂಗ ಇಮ್ಮಡಿ ಶಿವಮಾರನನ್ನು ನೋಡಿ. ಅವನನ್ನು ರಾಷ್ಟ್ರಕೂಟ ಧ್ರುವ ಸೆರೆಯಲ್ಲಿಟ್ಟ, ಧ್ರುವನ ಮಗ ಗೋವಿಂದ ಲೆಕ್ಕಾಚಾರ ಹಾಕಿ ಬಿಡಿಸಿದ, ಬಿಡಿಸಿಕೊಂಡವನು ತಿರುಗಿಬಿದ್ದು ಮತ್ತೆ ಸೆರೆಯಾದ.

ಹೆಸರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಲಕೇಶಿ, ಅಮೋಘ ಎಂದು ನೇರವಾಗಿ ಇಡಬೇಡಿ, ಓದುಗರು ಕಾದಂಬರಿಯನ್ನು ಬಿಟ್ಟು ಪಠ್ಯಪುಸ್ತಕದ ಕಡೆಗೆ ಹೋಗುತ್ತಾರೆ. ಬಿರುದುಗಳನ್ನು ಮಾತ್ರ ಎಚ್ಚರದಿಂದ ಬಳಸಿದರೆ ಅವು ಅರ್ಧ ಇತಿಹಾಸವನ್ನು ಹೇಳಿಬಿಡುತ್ತವೆ. ಗಂಗರು ಕೋಲಾರವನ್ನು ಬಿಟ್ಟು ತಲಕಾಡಿಗೆ ಹೋದ ಮೇಲೂ ‘ಕುವಳಾಲಪುರವರೇಶ್ವರ’, ‘ನಂದಗಿರಿನಾಥ’ ಎಂದೇ ಕರೆಸಿಕೊಂಡರು; ಕುವಳಾಲವೆಂದರೆ ಕೋಲಾರ, ನಂದಗಿರಿ ಎಂದರೆ ನಂದಿಬೆಟ್ಟ. 11ನೆಯ ಶತಮಾನದ ಆರಂಭದಲ್ಲಿ ಚೋಳರು ಈ ನಾಡನ್ನು ಹಿಡಿದು ‘ನಿಗರಿಲಿ ಚೋಳಮಂಡಲ’ ಎಂದು ಹೊಸ ಹೆಸರಿಟ್ಟರು, ಕೋಲಾರಮ್ಮನ ಗುಡಿಯಲ್ಲಿ ತಮ್ಮ ಭಾಷೆಯಲ್ಲಿ ಶಾಸನ ಬರೆಸಿದರು. ರಾಜ್ಯವಿಲ್ಲದ ಗಂಗ ವಂಶದ ನಾಯಕರು ಮಾತ್ರ ಆಮೇಲೂ ಕುವಳಾಲದ ಒಡೆಯರೆಂಬ ಬಿರುದನ್ನು ಬಿಡಲಿಲ್ಲ. ನಿಮ್ಮ ಸಾಮಂತ ವಂಶಕ್ಕೂ ಯಾರೂ ಕಣ್ಣಾರೆ ಕಂಡಿಲ್ಲದ, ಬೇರೊಬ್ಬರ ಕೈಸೇರಿ ಹೆಸರೂ ಬದಲಾದ ಗ್ರಹವೊಂದರ ಬಿರುದು ಇರಲಿ. ಸಭೆಯಲ್ಲಿ ಅದನ್ನು ಕೂಗಿದಾಗ ಚಕ್ರವರ್ತಿಯ ಮಗಳ ಮುಖದಲ್ಲಿ ಏನಾಗುತ್ತದೆ ಎಂಬುದನ್ನು ಬರೆಯಿರಿ, ವಂಶಾವಳಿಯ ಮೂರು ಪುಟಗಳು ಬೇಡ.

ಕೊನೆಯದಾಗಿ ಕಥೆಯ ಆರಂಭ. ಮೊದಲ ಅಧ್ಯಾಯದ ಪಟ್ಟಾಭಿಷೇಕವನ್ನು ಹಿಂದಕ್ಕೆ ಹಾಕಿ. ಹದಿನೇಳು ವರ್ಷಗಳ ಹಿಂದೆ ಹೆಣ್ಣು ಕೇಳಿದ ಸಾಮಂತ ಸತ್ತಿದ್ದಾನೆ, ತೊಟ್ಟಿಲಲ್ಲಿದ್ದ ಮಗ ಬೇರೊಬ್ಬಳನ್ನು ಮೆಚ್ಚಿದ್ದಾನೆ, ದಾಯಾದಿಗಳು ಸಾಮ್ರಾಜ್ಯದಿಂದ ಬಿಡಿಸಿಕೊಳ್ಳಲು ದಿನ ಗೊತ್ತುಮಾಡಿದ್ದಾರೆ. ಅಷ್ಟರಲ್ಲಿ ‘ಕಳುಹಿಸಿದ್ದೇವೆ’ ಎಂಬ ಸಂದೇಶ ಬರುತ್ತದೆ. ಕಾದಂಬರಿ ಆ ದಿನ ಶುರುವಾಗಲಿ, ಮುಂದಿನ 32 ದಿನಗಳಿಗೆ ನೂರು ಪುಟ ಕೊಡಿ, ನಾಯಕಿ ನೌಕೆಯಿಂದ ಇಳಿಯುವುದು ಅದರ ನಂತರ.